ಹಳೆಯ ಇಂಗ್ಲಿಷ್ ಮತ್ತು ಯುರೋಪಿಯನ್ ಪಿಂಗಾಣಿ ಸಂಗ್ರಹ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸದ ನಿಮಿತ್ತ ಇಂಗ್ಲೆಂಡಿನಲ್ಲಿ ಕೆಲವು ವರ್ಷ ಇದ್ದಾಗ ನನಗೆ ಹತ್ತಿದ ಹುಚ್ಚು ಇದು. ಊರಿಗೆ ಮರಳಿದ ಮೇಲೂ ಇಳಿದಿಲ್ಲ. ಮನೆಗೆ ಬಂದವರು ಗಾಜಿನ ಬೀರುವಿನ ಮುಂದೆ ನಿಂತು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಹೊಸದಾಗಿ ಸಂಗ್ರಹಕ್ಕೆ ಕೈಹಾಕಿದವರಿಗೆ ಉಪಯೋಗವಾಗಲಿ ಎಂದು ಉತ್ತರಗಳನ್ನು ಒಂದೆಡೆ ಬರೆದಿಟ್ಟಿದ್ದೇನೆ.

ಬೆಳ್ಳಗೆ ಹೊಳೆಯುವ ಎಲ್ಲ ಪಾತ್ರೆಯೂ ಪಿಂಗಾಣಿಯೇ?

ಅಲ್ಲ. ಕನ್ನಡದಲ್ಲಿ ಎಲ್ಲಕ್ಕೂ ಪಿಂಗಾಣಿ ಎಂದೇ ಕರೆಯುವುದು ರೂಢಿಯಾದರೂ ಒಳಗಿನ ಮಣ್ಣು ಮೂರು ಬಗೆಯದು. ಮೊದಲನೆಯದು ಅರ್ದನ್‌ವೇರ್. ಇದು ನಮ್ಮ ಮಡಕೆಯ ಜಾತಿ: ಸುಮಾರು 1000ದಿಂದ 1150 ಡಿಗ್ರಿಯಲ್ಲಿ ಸುಟ್ಟದ್ದು, ಮೆರುಗು ಹಚ್ಚದಿದ್ದರೆ ನೀರು ಹೀರುತ್ತದೆ. ಎರಡನೆಯದು ಸ್ಟೋನ್‌ವೇರ್. ಅಜ್ಜಿಯ ಕಾಲದ ಕಂದು ಬಿಳಿ ಉಪ್ಪಿನಕಾಯಿ ಜಾಡಿಯನ್ನು ನೆನೆಸಿಕೊಂಡರೆ ಸಾಕು. ಹೆಚ್ಚು ಕಾವಿನಲ್ಲಿ ಬೆಂದು ಕಲ್ಲಿನಂತೆ ಗಟ್ಟಿಯಾದ ಮಣ್ಣು. ಮೂರನೆಯದೇ ನಿಜವಾದ ಪಿಂಗಾಣಿ. ಕೆಯೋಲಿನ್ ಎಂಬ ಬಿಳಿಮಣ್ಣಿಗೆ ಒಂದು ಬಗೆಯ ಕಲ್ಲಿನ ಪುಡಿ ಬೆರೆಸಿ 1300 ಡಿಗ್ರಿ ದಾಟಿಸಿ ಸುಟ್ಟಾಗ ಅದು ಒಳಗೊಳಗೇ ಗಾಜಿನಂತಾಗುತ್ತದೆ. ಬೆಳಕು ಅದರ ಮೈಯೊಳಗಿಂದ ಹಾದುಬರುತ್ತದೆ.

ಮೊಬೈಲ್ ಟಾರ್ಚನ್ನು ತಟ್ಟೆಯ ಹಿಂದೆ ಹಿಡಿಯಿರಿ. ಬೆಳಕು ಕಂಡರೆ ಪಿಂಗಾಣಿ ಅಥವಾ ಮೂಳೆಯ ಬೂದಿ ಬೆರೆಸಿದ ಬೋನ್ ಚೈನಾ, ಕಾಣದಿದ್ದರೆ ಹೆಚ್ಚಿನಂಶ ಮಣ್ಣು. ತೀರ ದಪ್ಪನೆಯ ಪಿಂಗಾಣಿಯೂ ಕೆಲವೊಮ್ಮೆ ಬೆಳಕು ಬಿಡುವುದಿಲ್ಲ ಎಂಬುದು ನೆನಪಿರಲಿ. ಮಣ್ಣಿನದೆಂದು ಕೀಳಾಗಿ ಕಾಣುವುದೂ ಬೇಡ. ನನ್ನ ಬೀರುವಿನಲ್ಲಿ ನಾನು ಅತಿ ಹೆಚ್ಚು ಪ್ರೀತಿಸುವ ನಾಲ್ಕೈದು ವಸ್ತುಗಳು ಮಣ್ಣಿನವೇ.

ಪಿಂಗಾಣಿ ಮಾಡುವ ಚೀನಾದವರ ಗುಟ್ಟು ಯುರೋಪಿಗೆ ಸಿಕ್ಕಿದ್ದು ಹೇಗೆ?

ಜರ್ಮನಿಯ ಸ್ಯಾಕ್ಸನಿಯ ದೊರೆ ಆಗಸ್ಟಸನ ಹುಚ್ಚಿನಿಂದ. 1717ರಲ್ಲಿ ಅವನು ಪ್ರಷ್ಯಾದ ದೊರೆಗೆ ತನ್ನ 600 ಸೈನಿಕರನ್ನು ಒಪ್ಪಿಸಿ 151 ಚೀನೀ ಪಿಂಗಾಣಿ ವಸ್ತುಗಳನ್ನು ಪಡೆದ. ಆ ವಿನಿಮಯದಲ್ಲಿ ಬಂದ ದೊಡ್ಡ ಹೂಜಿಗಳು ಡ್ರೆಸ್ಡೆನ್ ನಗರದಲ್ಲಿ ಇಂದಿಗೂ ಇವೆ. ಜನರನ್ನು ಕೊಟ್ಟು ಜಾಡಿ ಕೊಂಡ ದೊರೆ ಎಂದರೆ ಆ ಕಾಲದ ಮೋಹ ಎಷ್ಟಿತ್ತೆಂದು ತಿಳಿಯುತ್ತದೆ.

ಬಂಗಾರ ಮಾಡಬಲ್ಲೆ ಎಂದು ಹೇಳಿಕೊಂಡು ತಿರುಗುತ್ತಿದ್ದ ಬೋಟ್ಗರ್ ಎಂಬ ತರುಣನನ್ನು ಈ ದೊರೆ ಬಂಧನದಲ್ಲಿಟ್ಟಿದ್ದ. ಚಿರ್ನ್‌ಹೌಸ್ ಎಂಬ ವಿದ್ವಾಂಸನ ಜೊತೆ ಸೇರಿ ಅವನು ಬಂಗಾರದ ಬದಲು ಮಣ್ಣಿನ ಗುಟ್ಟನ್ನು ಬಿಡಿಸಿದ. 1708ರಲ್ಲಿ ಪ್ರಯೋಗ ಕೈಗೂಡಿತು. 1710ರಲ್ಲಿ ಮೈಸೆನ್ ಊರಿನ ಕೋಟೆಯಲ್ಲಿ ಕಾರ್ಖಾನೆ ಶುರುವಾಯಿತು. ಬೋಟ್ಗರ್ ಮೂವತ್ತೇಳನೆಯ ವಯಸ್ಸಿನಲ್ಲಿ, 1719ರಲ್ಲಿ ತೀರಿಕೊಂಡ. ಆ ಹೊತ್ತಿಗಾಗಲೇ ಗುಟ್ಟು ವಿಯೆನ್ನಾಕ್ಕೆ ಸೋರಿತ್ತು.

ಮೈಸೆನ್‌ಗೆ ಮುಂದೆ ಬಣ್ಣ ಕೊಟ್ಟವನು ಹೆರೋಲ್ಟ್, ಆಕಾರ ಕೊಟ್ಟವನು ಕೆಂಡ್ಲರ್. 1731ರಲ್ಲಿ ಬಂದ ಕೆಂಡ್ಲರ್ ಶಿಲ್ಪಿ. ಅವನ ತಂಡ 1737ರಿಂದ 1742ರವರೆಗೆ ಮಾಡಿದ ಹಂಸಗಳ ಊಟದ ಸೆಟ್ಟಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ವಸ್ತುಗಳಿದ್ದವು. ಬಿಳಿ ತಟ್ಟೆಯ ಮೇಲೆ ಬಿಳಿ ಹಂಸ, ಬಿಳಿ ನೀರಿನ ಅಲೆ, ಬಿಳಿ ಜೊಂಡು, ಎಲ್ಲವೂ ಉಬ್ಬಿನಲ್ಲಿ. ಬಣ್ಣವನ್ನು ಹಿಂದಕ್ಕೆ ಸರಿಸಿ ನೆರಳನ್ನೇ ಚಿತ್ರವಾಗಿಸಿದ ಆ ಧೈರ್ಯಕ್ಕೆ ನಾನು ಇಂದಿಗೂ ತಲೆಬಾಗುತ್ತೇನೆ.

ಇಂಗ್ಲಿಷರದು ಬೇರೆ ದಾರಿಯೇ?

ಹೌದು. ಅದಕ್ಕೇ ಇಂಗ್ಲಿಷ್ ಪಿಂಗಾಣಿಯನ್ನು ಗುರುತಿಸುವುದು ಅಷ್ಟು ಸ್ವಾರಸ್ಯದ ಕೆಲಸ. 1740ರ ದಶಕದಲ್ಲಿ ಚೆಲ್ಸಿ, ಬೋ ಮೊದಲಾದ ಕಡೆ ಶುರುಮಾಡಿದವರಿಗೆ ಕೆಯೋಲಿನ್ನಿನ ಗುಟ್ಟು ಕೈಗೆ ಬಂದಿರಲಿಲ್ಲ. ತಮಗೆ ತೋಚಿದ್ದನ್ನು ಬೆರೆಸಿ ಸುಟ್ಟರು. ಚೆಲ್ಸಿಯವರು ಗಾಜಿನ ಅಂಶ ಬೆರೆಸಿದರು, ಬೋದವರು ಮೂಳೆಯ ಬೂದಿ ಬೆರೆಸಿದರು, 1751ರಲ್ಲಿ ಶುರುವಾದ ವುಸ್ಟರಿನವರು ಬಳಪದ ಕಲ್ಲಿನ ಪುಡಿ ಬೆರೆಸಿದರು. ಇವೆಲ್ಲವನ್ನೂ ಮೃದು ಪಿಂಗಾಣಿ ಎನ್ನುತ್ತಾರೆ, ಕೆಯೋಲಿನ್ನಿನದನ್ನು ಗಟ್ಟಿ ಪಿಂಗಾಣಿ. ಫ್ರಾನ್ಸಿನ ವಾನ್‌ಸೆನ್ ಕಾರ್ಖಾನೆ, 1756ರ ನಂತರ ಸೆವ್ರ್ ಕಾರ್ಖಾನೆ, ಇವರದೂ ಮೊದಲಿಗೆ ಮೃದು ಪಿಂಗಾಣಿಯೇ. ಲಿಮೋಜ್ ಸಮೀಪ ಕೆಯೋಲಿನ್ ಸಿಕ್ಕಿದ ಮೇಲಷ್ಟೇ ಅವರು ಗಟ್ಟಿ ಪಿಂಗಾಣಿಗೆ ಬಂದರು.

ಇಂಗ್ಲೆಂಡಿನಲ್ಲಿ ಕೆಯೋಲಿನ್ ಕಂಡುಹಿಡಿದವನು ಕುಕ್‌ವರ್ದಿ ಎಂಬ ಔಷಧ ವ್ಯಾಪಾರಿ. ಕಾರ್ನ್‌ವಾಲಿನಲ್ಲಿ ಸಿಕ್ಕ ಮಣ್ಣಿನಿಂದ ಗಟ್ಟಿ ಪಿಂಗಾಣಿ ಮಾಡಲು 1768ರಲ್ಲಿ ಪೇಟೆಂಟ್ ಪಡೆದ. ಆದರೆ ಕೊನೆಗೆ ಗೆದ್ದದ್ದು ಬೋನ್ ಚೈನಾ. ಅರ್ಧದಷ್ಟು ದನದ ಮೂಳೆಯ ಬೂದಿ, ಉಳಿದರ್ಧ ಕಾರ್ನ್‌ವಾಲಿನ ಮಣ್ಣು ಮತ್ತು ಕಲ್ಲು. 1790ರ ದಶಕದಲ್ಲಿ ಸ್ಪೋಡ್ ಕಾರ್ಖಾನೆ ಈ ಹದವನ್ನು ನೆಲೆಗೊಳಿಸಿತು. ಮುಂದೆ ಇಂಗ್ಲೆಂಡಿನ ಹೆಚ್ಚಿನವರೆಲ್ಲ ಇದನ್ನೇ ಹಿಡಿದರು. ಮೂಳೆಯ ವಿಷಯ ಕೇಳಿ ಕೆಲವರು ಮುಖ ಸಿಂಡರಿಸುತ್ತಾರೆ. ಅಂಥವರು ಅದಕ್ಕೆ ಮೊದಲಿನ ವುಸ್ಟರ್ ಅಥವಾ ಮಣ್ಣಿನ ಸಾಮಾನುಗಳನ್ನು ಸಂಗ್ರಹಿಸಬಹುದು.

ತಳದ ಮುದ್ರೆ ನೋಡಿದರೆ ಯಾರ ಕೆಲಸವೆಂದು ಗೊತ್ತಾಗುವುದಿಲ್ಲವೇ?

ಈ ಪ್ರಶ್ನೆಗೆ ನಾನು ದುಡ್ಡು ತೆತ್ತು ಉತ್ತರ ಕಲಿತಿದ್ದೇನೆ. ಮೊದಲ ವರ್ಷ ಒಂದು ಸಣ್ಣ ಊರಿನ ಅಂಗಡಿಯಲ್ಲಿ ಹೂಬುಟ್ಟಿ ಹಿಡಿದ ಹುಡುಗಿಯ ಬೊಂಬೆ ಸಿಕ್ಕಿತು. ಹಿಂಬದಿಯಲ್ಲಿ ಚಿನ್ನದ ಬಣ್ಣದ ದೊಡ್ಡ ಲಂಗರಿನ ಗುರುತು. ಚೆಲ್ಸಿ ಕಾರ್ಖಾನೆಯ ಗುರುತು ಲಂಗರು ಎಂದು ಓದಿದ್ದೆ. ಒಂದು ತಿಂಗಳ ಉಳಿತಾಯ ಕೊಟ್ಟು ತಂದೆ. ಆಮೇಲೆ ಬಲ್ಲವರೊಬ್ಬರು ಅದನ್ನು ಕೈಗೆತ್ತಿಕೊಂಡು, ಮುದ್ರೆಯತ್ತ ಕಣ್ಣೂ ಹಾಯಿಸದೆ, ತಳದಲ್ಲಿ ಮೆರುಗಿಲ್ಲದ ಅಂಚನ್ನು ಉಗುರಿನಿಂದ ಸವರಿ, "ಇದು ಗಟ್ಟಿ ಪಿಂಗಾಣಿ" ಎಂದರು. ಚೆಲ್ಸಿ ಮಾಡಿದ್ದು ಮೃದು ಪಿಂಗಾಣಿ. ಕಥೆ ಅಲ್ಲಿಗೆ ಮುಗಿಯಿತು. ಚೆಲ್ಸಿಯ ನಿಜವಾದ ಲಂಗರು ಬಲು ಚಿಕ್ಕದು, ಅರ್ಧ ಸೆಂಟಿಮೀಟರಿನ ಆಸುಪಾಸು, ಎಲ್ಲೋ ಮೂಲೆಯಲ್ಲಿ ಅಡಗಿರುತ್ತದೆ. ಎದ್ದು ಕಾಣುವಂಥ ಲಂಗರು ಕಂಡರೆ ಅನುಮಾನ ಪಡಬೇಕು.

ಮುದ್ರೆಯನ್ನು ಯಾರು ಬೇಕಾದರೂ ಬರೆಯಬಹುದು, ಮಣ್ಣನ್ನು ಬದಲಿಸಲಾಗದು. ಮೈಸೆನ್‌ನ ಅಡ್ಡ ಕತ್ತಿಗಳ ಗುರುತು 1720ರ ದಶಕದಲ್ಲಿ ಬಂತು. ಅದನ್ನು ನಕಲು ಮಾಡದ ನಾಡಿಲ್ಲ. ಹದಿನೆಂಟನೆಯ ಶತಮಾನದಲ್ಲಿ ವುಸ್ಟರಿನವರೂ ಹಾಕಿಕೊಂಡಿದ್ದಾರೆ. ಸೆವ್ರ್‌ನ ಹೆಣೆದ ಎರಡು ಎಲ್ ಅಕ್ಷರಗಳು, ನೇಪಲ್ಸಿನ ಕಿರೀಟದ ಕೆಳಗಿನ ಎನ್ ಅಕ್ಷರ, ಇವು ಬೀದಿಬೀದಿಯಲ್ಲಿ ಸಿಗುತ್ತವೆ. ಪ್ಯಾರಿಸಿನ ಸ್ಯಾಮ್ಸನ್ ಕಾರ್ಖಾನೆ 1845ರಿಂದ ಹಳೆಯ ಪಿಂಗಾಣಿಗಳ ಪ್ರತಿಗಳನ್ನೇ ಮಾಡಿ ಮಾರಿತು. ಅವುಗಳಲ್ಲಿ ಕೆಲವು ಎಷ್ಟು ಚೆನ್ನಾಗಿವೆಯೆಂದರೆ ಸ್ಯಾಮ್ಸನ್ನನ್ನೇ ಸಂಗ್ರಹಿಸುವವರಿದ್ದಾರೆ.

ಹಾಗಾದರೆ ಮುದ್ರೆಯಿಂದ ಏನೂ ಪ್ರಯೋಜನವಿಲ್ಲವೇ?

ಬಹಳ ಇದೆ, ಅದರಲ್ಲೂ 1840ರ ನಂತರದ ಇಂಗ್ಲಿಷ್ ಸಾಮಾನಿನಲ್ಲಿ. ಮುದ್ರೆಯಿಂದ 'ಇದಕ್ಕಿಂತ ಹಳೆಯದಲ್ಲ' ಎಂದು ಹೇಳಬಹುದು. ಇಂಗ್ಲೆಂಡ್ ಎಂಬ ಪದ ಇದ್ದರೆ ಸಾಮಾನ್ಯವಾಗಿ 1891ರ ನಂತರದ್ದು. ಆ ವರ್ಷದಿಂದ ಅಮೆರಿಕ ತನ್ನೊಳಗೆ ಬರುವ ಸಾಮಾನಿನ ಮೇಲೆ ತಯಾರಾದ ದೇಶದ ಹೆಸರಿರಬೇಕೆಂದು ಕಾನೂನು ಮಾಡಿತು. ಮೇಡ್ ಇನ್ ಇಂಗ್ಲೆಂಡ್ ಎಂದಿದ್ದರೆ ಬಹುಮಟ್ಟಿಗೆ ಇಪ್ಪತ್ತನೆಯ ಶತಮಾನ. ಬೋನ್ ಚೈನಾ ಎಂದು ಬರೆದಿದ್ದರೂ ಅಷ್ಟೇ.

ತಳದಲ್ಲಿ ಗಾಳಿಪಟದಂಥ ಚೌಕ ಕಂಡರೆ ಖುಷಿಪಡಿ. 1842ರಿಂದ 1883ರವರೆಗೆ ಬ್ರಿಟನ್ನಿನಲ್ಲಿ ವಿನ್ಯಾಸಗಳನ್ನು ನೋಂದಾಯಿಸಿದಾಗ ಈ ಗುರುತು ಕೊಡುತ್ತಿದ್ದರು. ಮೇಲಿನ ತುದಿಯ ಸುತ್ತಿನಲ್ಲಿ ರೋಮನ್ ನಾಲ್ಕು ಇದ್ದರೆ ಅದು ಪಿಂಗಾಣಿ, ಮಣ್ಣಿನ ವರ್ಗ. ಮೂಲೆಗಳ ಅಕ್ಷರ ಮತ್ತು ಅಂಕಿಗಳಿಂದ ನೋಂದಣಿಯಾದ ದಿನವನ್ನೇ ಹೇಳಬಹುದು. 1867ರವರೆಗೆ ವರ್ಷದ ಅಕ್ಷರ ಮೇಲ್ತುದಿಯಲ್ಲಿ, 1868ರಿಂದ ಬಲಬದಿಯಲ್ಲಿ. ಆದರೆ ಅದು ವಿನ್ಯಾಸ ನೋಂದಣಿಯಾದ ದಿನ. ನಿಮ್ಮ ಕೈಯಲ್ಲಿರುವ ತಟ್ಟೆ ಹತ್ತು ವರ್ಷ ಕಳೆದು ಮಾಡಿದ್ದಿರಬಹುದು. 1884ರಿಂದ ಚೌಕ ಹೋಗಿ ಬರೀ ಕ್ರಮಸಂಖ್ಯೆ ಬಂತು. ಒಂದರಿಂದ ಶುರುವಾದದ್ದು 1900ರ ಹೊತ್ತಿಗೆ ಮೂರೂವರೆ ಲಕ್ಷ ದಾಟಿತ್ತು.

ವೆಜ್‌ವುಡ್ ವಿಷಯದಲ್ಲಿ ಒಂದು ಎಚ್ಚರಿಕೆ. ಜೋಸಯ್ಯ ವೆಜ್‌ವುಡ್ 1759ರಲ್ಲಿ ಬರ್ಸ್ಲೆಮ್ ಪಟ್ಟಣದಲ್ಲಿ ಶುರುಮಾಡಿದ ಕಾರ್ಖಾನೆಯ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ 'ಜಿ' ಆದ ಮೇಲೆ 'ಇ' ಇಲ್ಲ. ಇದ್ದರೆ ಅದು ಬೇರೆಯವರದು. 'ಅಂಡ್ ಕೋ' ಎಂದು ಸೇರಿದ್ದರೂ ಬೇರೆಯವರದು. 1860ರಿಂದ ವೆಜ್‌ವುಡ್‌ನ ಮಣ್ಣಿನ ಸಾಮಾನುಗಳಲ್ಲಿ ಮೂರು ಅಕ್ಷರಗಳನ್ನು ಒತ್ತುತ್ತಿದ್ದರು. ಅವುಗಳಲ್ಲಿ ಒಂದು ವರ್ಷವನ್ನು ಹೇಳುತ್ತದೆ.

ಮುದ್ರೆಯೇ ಇಲ್ಲದಿದ್ದರೆ?

ಇಂಗ್ಲಿಷ್ ಪಿಂಗಾಣಿಯಲ್ಲಿ, ಅದರಲ್ಲೂ 1820ಕ್ಕೆ ಹಿಂದಿನದರಲ್ಲಿ, ಮುದ್ರೆಯಿಲ್ಲದವು ರಾಶಿ ರಾಶಿ. ಹಾಗೆಂದು ಹೆದರಬೇಡಿ. ಬೆಳಕಿಗೆ ಹಿಡಿದಾಗ ಹಳೆಯ ವುಸ್ಟರ್ ತುಸು ಹಸಿರಾಗಿ ಕಾಣುತ್ತದೆ, ಕಾಫ್ಲಿ ಕಾರ್ಖಾನೆಯದು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಚೆಲ್ಸಿಯ ಮೈಯಲ್ಲಿ ಅಲ್ಲಲ್ಲಿ ಬೆಳಗುವ ಚುಕ್ಕೆಗಳು ಕಾಣಬಹುದು. ಬಲ್ಲವರು ಅವನ್ನು ಚಂದ್ರ ಎನ್ನುತ್ತಾರೆ. ಮಣ್ಣಿನೊಳಗೆ ಸಿಕ್ಕಿಕೊಂಡ ಗಾಳಿಗುಳ್ಳೆಗಳು ಅವು. ಪಾತ್ರೆ ಊರಿ ನಿಲ್ಲುವ ತಳದ ಬಳೆಯ ಒಳಅಂಚನ್ನು ನೋಡಿ, ಮೆರುಗು ಅಲ್ಲಿ ಹಿಂದಕ್ಕೆ ಸರಿದು ಒಣಗೆರೆ ಉಳಿದಿದ್ದರೆ ವುಸ್ಟರಿನತ್ತ ಒಂದು ಸುಳಿವು. ಆವಿಗೆಯಲ್ಲಿ ಪಾತ್ರೆಗಳು ಒಂದಕ್ಕೊಂದು ಅಂಟದಂತೆ ಇಟ್ಟ ಮೊಳೆಗಳ ಗುರುತು, ಹಿಡಿಯ ತಿರುವು, ನೀಲಿಯ ಛಾಯೆ, ಇವೆಲ್ಲ ಸಾಕ್ಷಿಗಳೇ.

ಪುಸ್ತಕ ಓದಿ ಇದು ಬರುವುದಿಲ್ಲ. ಕೈಯಲ್ಲಿ ಹಿಡಿಯಬೇಕು. ಹರಾಜಿಗೆ ಮುಂಚಿನ ದಿನ ಯಾರು ಬೇಕಾದರೂ ಹೋಗಿ ವಸ್ತುಗಳನ್ನು ಎತ್ತಿ ನೋಡಬಹುದು. ಒಂದು ಕಾಸೂ ಖರ್ಚಾಗದ ಪಾಠಶಾಲೆ ಅದು. ಕೊಳ್ಳದೆ ನೋಡಲೆಂದೇ ನಾನು ಎರಡು ವರ್ಷ ಹೋದೆ.

ಬಿರುಕು ಬಿಟ್ಟದ್ದು, ಚೂರು ಹಾರಿದ್ದು ಕೊಳ್ಳಬಹುದೇ?

ಕೊಳ್ಳಿ ಎಂದೇ ಹೇಳುತ್ತೇನೆ. ಒಡೆದದ್ದು ಮನೆಯಲ್ಲಿರಬಾರದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ನನ್ನ ತಾಯಿ ಮೊದಮೊದಲು ಬೇಸರಪಟ್ಟುಕೊಂಡಿದ್ದರು. ಆದರೆ ಇನ್ನೂರೈವತ್ತು ವರ್ಷದ ಒಳ್ಳೆಯ ವಸ್ತುವೊಂದು ಸಣ್ಣ ಸಂಬಳದವರ ಕೈಗೆಟುಕುವುದು ಅದು ಗಾಯಗೊಂಡಿದ್ದರೆ ಮಾತ್ರ. ಕುಂದಿಲ್ಲದ ಸಾಧಾರಣ ತಟ್ಟೆಗಿಂತ ಬಿರುಕಿನ ಅಪರೂಪದ ಬಟ್ಟಲು ಹೆಚ್ಚು ಕಲಿಸುತ್ತದೆ.

ನನ್ನಲ್ಲಿರುವ ಒಂದನ್ನು ಹೇಳುತ್ತೇನೆ. ವುಸ್ಟರಿನ ನೀಲಿ ಬಿಳಿ ಚಹಾ ಬಟ್ಟಲು, ಹಿಡಿ ಇಲ್ಲದ್ದು, ಅಂಗೈಯಲ್ಲಿ ಕೂರುತ್ತದೆ. ಎಂದೋ ಎರಡು ಹೋಳಾಗಿದೆ. ಹೊರಮೈಯಲ್ಲಿ ಸೀಳಿನ ಉದ್ದಕ್ಕೂ ಮೂರು ಹಿತ್ತಾಳೆ ತಂತಿಯ ಹೊಲಿಗೆಗಳು, ಒಂದೊಂದೂ ಅಕ್ಕಿಕಾಳಿನಷ್ಟು. ವಜ್ರದ ಮೊನೆಯ, ಕೈಯಿಂದ ನಡೆಸುವ ಕೊರೆಯುವ ಸಾಧನದಿಂದ ಮೈಯ ಅರ್ಧ ದಪ್ಪಕ್ಕೆ ಮಾತ್ರ ತೂತು ಕೊರೆದು, ಬಾಗಿಸಿದ ತಂತಿಯ ಎರಡು ತುದಿಗಳನ್ನು ಬಿಗಿಯಾಗಿ ಕೂರಿಸಿದ್ದಾರೆ. ಬಟ್ಟಲಿನ ಒಳಗೆ ಬೆರಳಾಡಿಸಿದರೆ ತೂತಿನ ಸುಳಿವೇ ಇಲ್ಲ. ಅಂಟು ಹಾಕದೆ ಬರೀ ತಂತಿಯ ಬಿಗಿತದಿಂದ ಹಿಡಿದು ನಿಲ್ಲಿಸಿದ ಕೆಲಸ. ಇದನ್ನು ಹೊಲಿಸಿದ ಮನೆಯವರಿಗೆ ಬಟ್ಟಲು ಎಷ್ಟು ಬೇಕಾಗಿತ್ತು ಎಂದು ಯೋಚಿಸುತ್ತಾ ಎಷ್ಟೋ ಸಂಜೆ ಅದನ್ನು ಹಿಡಿದು ಕುಳಿತಿದ್ದೇನೆ. ಆ ತಂತಿಗಳನ್ನು ಕಿತ್ತು ಹೊಸ ರೀತಿಯಲ್ಲಿ ಅಂಟಿಸಿಕೊಡುತ್ತೇನೆ ಎಂದವರಿಗೆ ಬೇಡವೆಂದೆ.

ಒಂದು ಮಾತು: ಎಲ್ಲ ಸೀಳೂ ಒಡಕಲ್ಲ. ಆವಿಗೆಯಲ್ಲೇ ಬಿಟ್ಟ ಸೀಳಿನ ಅಂಚು ದುಂಡಗಿರುತ್ತದೆ, ಒಳಕ್ಕೆ ಮೆರುಗು ಹರಿದಿರುತ್ತದೆ. ಅದು ಹುಟ್ಟುಮಚ್ಚೆ. ಬೆಲೆ ಹೆಚ್ಚು ಇಳಿಸುವುದಿಲ್ಲ.

ಮುಚ್ಚಿಟ್ಟ ರಿಪೇರಿಯನ್ನು ಪತ್ತೆ ಹಚ್ಚುವುದು ಹೇಗೆ?

ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸರು ಬೆರಳ ಗೆಣ್ಣಿನಿಂದ ತಟ್ಟಿ ನೋಡುವುದಿಲ್ಲವೇ, ಅದೇ ಮೊದಲ ಪರೀಕ್ಷೆ. ಪಿಂಗಾಣಿ ಬಟ್ಟಲನ್ನು ಅಂಗೈ ಮೇಲಿಟ್ಟು ಉಗುರಿನಿಂದ ಮೆಲ್ಲಗೆ ತಟ್ಟಿ. ಗಂಟೆಯ ದನಿ ಬಂದರೆ ಸರಿ, ಒಡಕು ದನಿ ಬಂದರೆ ಎಲ್ಲೋ ಬಿರುಕಿದೆ. ಆಮೇಲೆ ಕತ್ತಲ ಕೋಣೆಯಲ್ಲಿ ನೋಟು ಪರೀಕ್ಷಿಸುವ ನೇರಳಾತೀತ ಬೆಳಕನ್ನು ಹಾಯಿಸಿ. ಹೊಸ ಅಂಟು, ಬಣ್ಣ ಇರುವ ಕಡೆ ಬೇರೆಯಾಗಿ ಬೆಳಗುತ್ತದೆ. ಬೊಂಬೆಗಳಲ್ಲಿ ಕತ್ತು, ಬೆರಳು, ಎಲೆ, ಟೋಪಿಯ ಅಂಚು ಇವನ್ನು ಮೊದಲು ನೋಡಿ, ಒಡೆಯುವುದು ಅಲ್ಲೇ. ಪಿಂಗಾಣಿ ಮುಟ್ಟಿದರೆ ತಣ್ಣಗಿರುತ್ತದೆ. ರಿಪೇರಿಯಾದ ಜಾಗ ತುಸು ಬೆಚ್ಚಗೆ, ಮೆದುವಾಗಿ ಅನ್ನಿಸುತ್ತದೆ. ಸೂಜಿಯಿಂದ ಗೀರಿ ನೋಡುವ ಕೆಟ್ಟ ಅಭ್ಯಾಸ ಕೆಲವರಿಗಿದೆ. ಅದನ್ನು ಮಾಡಬೇಡಿ.

ಕಡಿಮೆ ದುಡ್ಡಿನಲ್ಲಿ ಎಲ್ಲಿಂದ ಶುರುಮಾಡಲಿ?

ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಜಿಲ್ಲೆಯ ನೀಲಿ ಅಚ್ಚಿನ ತಟ್ಟೆಗಳಿಂದ. ಟನ್‌ಸ್ಟಾಲ್, ಬರ್ಸ್ಲೆಮ್, ಹ್ಯಾನ್ಲಿ, ಸ್ಟೋಕ್, ಫೆಂಟನ್, ಲಾಂಗ್ಟನ್ ಎಂಬ ಆರು ಪಟ್ಟಣಗಳು ಸೇರಿ ಇಂದು ಸ್ಟೋಕ್-ಆನ್-ಟ್ರೆಂಟ್ ಎಂಬ ಒಂದೇ ನಗರ. ಬಾಟಲಿಯ ಆಕಾರದ ಇಟ್ಟಿಗೆ ಆವಿಗೆಗಳು ಅಲ್ಲಿ ಸಾವಿರಗಟ್ಟಲೆ ಇದ್ದವು, ಈಗ ಐವತ್ತೂ ಉಳಿದಿಲ್ಲ. ಅಲ್ಲಿನವರು ತಾಮ್ರದ ಹಲಗೆಯ ಮೇಲೆ ಚಿತ್ರ ಕೆತ್ತಿ, ಬಣ್ಣ ತುಂಬಿ, ತೆಳು ಕಾಗದಕ್ಕೆ ಒತ್ತಿ, ಆ ಕಾಗದವನ್ನು ಪಾತ್ರೆಗೆ ಅಂಟಿಸಿ ಉಜ್ಜುತ್ತಿದ್ದರು. ಕಾಗದ ತೊಳೆದಾಗ ಚಿತ್ರ ಉಳಿಯುತ್ತದೆ, ಮೇಲೆ ಮೆರುಗು ಬರುತ್ತದೆ. ತಟ್ಟೆಯ ಅಂಚಿನಲ್ಲಿ ಎರಡು ಕಾಗದದ ತುದಿಗಳು ಸೇರಿದ ಜಾಗ ಹುಡುಕಿ. ಹೂಬಳ್ಳಿ ಅಲ್ಲಿ ಹೊಂದದೆ ತುಂಡಾಗಿರುತ್ತದೆ. ಆ ಕಾಗದ ಅಂಟಿಸುತ್ತಿದ್ದವರು ಹೆಚ್ಚಾಗಿ ಹೆಣ್ಣುಮಕ್ಕಳು. ಅವಸರದಲ್ಲಿ ಜೋಡಿಸಿದ ಕೈಯೊಂದು ಆ ತುಂಡಾದ ಬಳ್ಳಿಯಲ್ಲಿ ಹಾಗೇ ಉಳಿದಿದೆ.

ವಿಲ್ಲೋ ಎಂಬ ಚೀನೀ ಶೈಲಿಯ ಸೇತುವೆ, ಹಕ್ಕಿ, ಮರದ ಚಿತ್ರ ಎಲ್ಲೆಲ್ಲೂ ಸಿಗುತ್ತದೆ. ವಿಕ್ಟೋರಿಯಾ ಕಾಲದ ಒಂದು ತಟ್ಟೆಗೆ ಇಂಗ್ಲೆಂಡಿನಲ್ಲಿ ಒಂದು ಹೋಟೆಲ್ ಊಟದ ಬೆಲೆಯೂ ಇರುವುದಿಲ್ಲ. ಒಂದೇ ವಿಷಯ ಹಿಡಿದು ಕೊಳ್ಳಿ: ಒಂದೇ ಕಾರ್ಖಾನೆ, ಇಲ್ಲವೇ ಒಂದೇ ಬಗೆಯ ಪಾತ್ರೆ. ಸಿಕ್ಕಿದ್ದನ್ನೆಲ್ಲ ತಂದರೆ ಮನೆ ಗುಜರಿ ಅಂಗಡಿಯಾಗುತ್ತದೆ.

ಇವುಗಳಲ್ಲಿ ನಮ್ಮ ನಾಡಿನ ನಂಟು ಏನಾದರೂ ಇದೆಯೇ?

ಇದೆ, ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು. 1788ರಲ್ಲಿ ಟಿಪ್ಪು ಸುಲ್ತಾನನ ಮೂವರು ರಾಯಭಾರಿಗಳು ಫ್ರಾನ್ಸಿಗೆ ಹೋಗಿ ಹದಿನಾರನೆಯ ಲೂಯಿಯನ್ನು ಕಂಡರು. ಸೆವ್ರ್ ಕಾರ್ಖಾನೆಯನ್ನೂ ನೋಡಿದರು. ದೊರೆ ಟಿಪ್ಪುವಿಗೆಂದು ಸೆವ್ರ್ ಪಿಂಗಾಣಿಯ ಉಡುಗೊರೆ ಕಳುಹಿಸಿದ. ಟಿಪ್ಪು ಫ್ರಾನ್ಸಿನಿಂದ ಬೇಡಿದ ಕುಶಲಕರ್ಮಿಗಳಲ್ಲಿ ಪಿಂಗಾಣಿ ಮಾಡುವವರೂ ಇದ್ದರು. ಶ್ರೀರಂಗಪಟ್ಟಣದಲ್ಲಿ ಪಿಂಗಾಣಿಯ ಆವಿಗೆ ಉರಿಸುವ ಆಸೆ ಅವನಿಗಿತ್ತು ಎಂಬುದನ್ನು ನೆನೆದಾಗಲೆಲ್ಲ ನನಗೆ ಮೈ ನವಿರೇಳುತ್ತದೆ.

ಇನ್ನೊಂದು ಸ್ಟಾಫರ್ಡ್‌ಶೈರಿನ ಮಣ್ಣಿನ ಬೊಂಬೆ. ಸುಮಾರು 1820ರಿಂದ 1830ರ ನಡುವೆ ಮಾಡಿದ್ದು, ಮೇಲೆ 'ಮನ್ರೋನ ಸಾವು' ಎಂಬರ್ಥದ ಬರಹ. ದೊಡ್ಡ ಹುಲಿಯೊಂದು ಕೆಂಪಂಗಿಯ ಸೈನಿಕನ ತಲೆಯನ್ನು ಬಾಯಲ್ಲಿ ಕಚ್ಚಿ ನಿಂತಿದೆ. 1792ರ ಡಿಸೆಂಬರಿನಲ್ಲಿ ಬಂಗಾಳದ ಸಾಗರ ದ್ವೀಪದಲ್ಲಿ ಹುಲಿಗೆ ಬಲಿಯಾದ ತರುಣ ಅಧಿಕಾರಿ ಅವನು. ಹೈದರಾಲಿಯೊಡನೆ ಕಾದಿದ ಸೇನಾನಿ ಹೆಕ್ಟರ್ ಮನ್ರೋನ ಮಗ. ಸೈನಿಕನನ್ನು ಹುಲಿ ಕೆಡವಿದ ಟಿಪ್ಪುವಿನ ಮರದ ಯಂತ್ರಬೊಂಬೆ 1799ರ ನಂತರ ಲಂಡನ್ನಿಗೆ ಹೋಯಿತು, 1808ರಿಂದ ಜನರ ಕಣ್ಣಿಗೆ ಬಿತ್ತು. ಮನ್ರೋನ ಸಾವಿನ ಸುದ್ದಿಯೇ ಮರದ ಬೊಂಬೆಗೆ ಪ್ರೇರಣೆಯೆಂದು ಕೆಲವರು ಹೇಳುತ್ತಾರೆ, ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ. ಮಣ್ಣಿನ ಬೊಂಬೆಯನ್ನು ನೋಡಿದರೆ ಎರಡೂ ಒಂದೇ ಮನೆಯ ಮಕ್ಕಳಂತಿವೆ. ಬೆಲೆ ನನ್ನಂಥವರ ಕೈಗೆ ಸಿಗುವಂಥದ್ದಲ್ಲ.

ಸ್ಪೋಡ್ ಕಾರ್ಖಾನೆ 1815ರ ಸುಮಾರಿಗೆ ಹೊರತಂದ ನೀಲಿ ತಟ್ಟೆಗಳಲ್ಲಿ ಭಾರತದ ಬೇಟೆಯ ಚಿತ್ರಗಳಿವೆ. ಆನೆಯ ಮೇಲೆ ಕುಳಿತು ಹುಲಿ ಬೇಟೆ, ಕರಡಿಯ ಕೊನೆ, ಹೀಗೆ ಪಾತ್ರೆಗೊಂದು ಚಿತ್ರ. ಭಾರತದ ಬೇಟೆಯ ಕುರಿತು 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಸಚಿತ್ರ ಪುಸ್ತಕದಿಂದ ಅವನ್ನು ಎತ್ತಿಕೊಂಡಿದ್ದರು.

ಕೊನೆಯದು ನಮ್ಮ ದಸರಾ ಗೊಂಬೆಗಳ ಹಲಗೆಯಲ್ಲೇ ಇದ್ದೀತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯವರು ಭಾರತದ ಪೇಟೆಗಾಗಿ ಲಕ್ಷ್ಮಿ, ಸರಸ್ವತಿ, ಕೃಷ್ಣರ ಪಿಂಗಾಣಿ ಬೊಂಬೆಗಳನ್ನು ಮಾಡಿ ಕಳುಹಿಸುತ್ತಿದ್ದರು. ಎಷ್ಟೋ ಬೊಂಬೆಗಳ ಭಂಗಿ ರವಿವರ್ಮನ ಚಿತ್ರಗಳದ್ದೇ. ಅಟ್ಟದ ಪೆಟ್ಟಿಗೆಯಲ್ಲಿ ಅಜ್ಜಿಯ ಗೊಂಬೆಗಳಿದ್ದರೆ ಒಮ್ಮೆ ತಿರುಗಿಸಿ ತಳ ನೋಡಿ.

ಇವುಗಳಲ್ಲಿ ಊಟ, ಕಾಫಿ ಮಾಡಬಹುದೇ?

ಬೇಡ. ಹಳೆಯ ಮೆರುಗಿನಲ್ಲಿ ಹೆಚ್ಚಾಗಿ ಸೀಸ ಇರುತ್ತದೆ. ಹುಣಸೆ, ನಿಂಬೆ, ಮೊಸರು, ಉಪ್ಪಿನಕಾಯಿಯಂಥ ಹುಳಿ ತಾಗಿದರೆ ಅದು ಬಿಟ್ಟುಕೊಳ್ಳುತ್ತದೆ. ಸಾರು, ಗೊಜ್ಜು ತಿನ್ನುವ ನಮಗೆ ಇದು ಇನ್ನೂ ಮುಖ್ಯ.

ತೊಳೆಯುವುದು, ಇಡುವುದು ಹೇಗೆ?

ಸ್ಟೀಲ್ ಸಿಂಕಿನಲ್ಲಿ ತೊಳೆಯಬೇಡಿ. ಪ್ಲಾಸ್ಟಿಕ್ ಬೋಗುಣಿಯ ತಳಕ್ಕೆ ಟವೆಲ್ ಹಾಸಿ, ಉಗುರುಬೆಚ್ಚಗಿನ ನೀರಿಗೆ ಒಂದೆರಡು ಹನಿ ಸೋಪು ಹಾಕಿ, ಒಂದು ಸಲಕ್ಕೆ ಒಂದೇ ವಸ್ತು ತೊಳೆಯಿರಿ. ಕೈಬೆರಳಿನ ಉಂಗುರ ತೆಗೆದಿಡಿ. ಚಿನ್ನದ ರೇಖೆಗಳ ಮೇಲೆ ಉಜ್ಜಬೇಡಿ. ಮೆರುಗಿನಲ್ಲಿ ಜೇಡರ ಬಲೆಯಂಥ ಸೀಳುಗಳಿರುವ ಮಣ್ಣಿನ ಪಾತ್ರೆಯನ್ನೂ ರಿಪೇರಿಯಾದದ್ದನ್ನೂ ನೆನೆಹಾಕಬೇಡಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಕಲೆ ಹೋಗಲೆಂದು ಬ್ಲೀಚ್ ಹಾಕುವವರಿದ್ದಾರೆ. ಆ ಉಪ್ಪು ಮಣ್ಣಿನೊಳಗೆ ಸೇರಿ, ಒಣಗಿ, ಹರಳುಗಟ್ಟಿ, ಮೆರುಗನ್ನೇ ಎಬ್ಬಿಸಿಬಿಡುತ್ತದೆ.

ಹೂಜಿಯನ್ನು ಹಿಡಿಯಿಂದ ಎತ್ತಬೇಡಿ, ಎರಡು ಕೈಯಲ್ಲಿ ಹೊಟ್ಟೆ ಹಿಡಿದು ಎತ್ತಿ. ಗೋಡೆಗೆ ತಟ್ಟೆ ತೂಗುಹಾಕುವ ಸ್ಪ್ರಿಂಗ್ ತಂತಿಗಳು ಅಂಚನ್ನು ಸದಾ ಹಿಸುಕುತ್ತಿರುತ್ತವೆ. ಕೂದಲೆಳೆ ಬಿರುಕು ಇದ್ದರೆ ಒಂದು ದಿನ ಇಬ್ಭಾಗವಾಗುತ್ತದೆ. ತಟ್ಟೆಗಳನ್ನು ಒಂದರ ಮೇಲೊಂದು ಇಡಬೇಕಾದರೆ ನಡುವೆ ಬಟ್ಟೆ ಹಾಕಿ.

ಹರಾಜಿನಲ್ಲಿ, ಆನ್‌ಲೈನಿನಲ್ಲಿ ಕೊಳ್ಳುವಾಗ ಏನು ಎಚ್ಚರ?

ಕೂಗಿದ ಬೆಲೆಯೇ ಕೊನೆಯ ಬೆಲೆಯಲ್ಲ. ಅದರ ಮೇಲೆ ಹರಾಜು ಸಂಸ್ಥೆ ತನ್ನ ಕಮಿಷನ್ ಸೇರಿಸುತ್ತದೆ, ಎಷ್ಟೋ ಕಡೆ ಕಾಲುಭಾಗದಷ್ಟು. ಮೇಲೆ ತೆರಿಗೆ, ಪ್ಯಾಕಿಂಗ್, ಸಾಗಣೆ. ವಸ್ತುವಿನ ಸ್ಥಿತಿಯ ವರದಿಯನ್ನು ಬರವಣಿಗೆಯಲ್ಲೇ ಕೇಳಿ, ತಳದ ಬಳೆಯ ಹತ್ತಿರದ ಫೋಟೋ ಕೇಳಿ. ಕೊಡಲು ಹಿಂದೇಟು ಹಾಕುವವರಿಂದ ಕೊಳ್ಳಬೇಡಿ. 'ಶೈಲಿಯ' ಎಂಬ ಪದ ವಿವರಣೆಯಲ್ಲಿದ್ದರೆ ಅದು ಆ ಕಾರ್ಖಾನೆಯದ್ದಲ್ಲ ಎಂದೇ ಓದಿಕೊಳ್ಳಿ.

ವಿದೇಶದಿಂದ ತಂದರೆ ಕಾನೂನಿನ ತೊಡಕು ಇದೆಯೇ?

ತರುವಾಗ ವಯಸ್ಸು ಮತ್ತು ಬೆಲೆ ನಮೂದಿಸಿದ ಬಿಲ್ ಇರಲೇಬೇಕು. ಕಸ್ಟಮ್ಸ್ ನಿಯಮಗಳಲ್ಲಿ ನೂರು ವರ್ಷ ದಾಟಿದ ವಸ್ತುಗಳಿಗೆ ಬೇರೆ ವರ್ಗವೇ ಇದೆ. ಬಹಳ ಮಂದಿ ಮರೆಯುವುದು ಮತ್ತೆ ಹೊರಗೆ ಒಯ್ಯುವ ಪ್ರಶ್ನೆಯನ್ನು. 1972ರ ಪ್ರಾಚೀನ ವಸ್ತುಗಳ ಕಾಯ್ದೆಯಂತೆ ನೂರು ವರ್ಷಕ್ಕೆ ಕಡಿಮೆಯಿಲ್ಲದ ಕಲಾವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. ವಿದೇಶದಲ್ಲಿರುವ ಮಗಳಿಗೆ ಅಜ್ಜಿಯ ಟೀ ಸೆಟ್ ಕಳುಹಿಸುವ ಮುನ್ನ ಪುರಾತತ್ವ ಸರ್ವೇಕ್ಷಣಾ ಇಲಾಖೆಯನ್ನು ವಿಚಾರಿಸಿ.

ಹೂಡಿಕೆಯಾಗಿ ಕೊಳ್ಳಬಹುದೇ?

ಆ ಲೆಕ್ಕಕ್ಕೆ ಬೇರೆ ಜಾಗ ಹುಡುಕಿ. ವಿಕ್ಟೋರಿಯಾ ಕಾಲದ ಊಟದ ಸೆಟ್ಟುಗಳಿಗೆ ಒಂದು ತಲೆಮಾರಿನ ಹಿಂದೆ ಇದ್ದ ಬೆಲೆ ಈಗಿಲ್ಲ. ನೋಡುವ ಆಸೆಯಿದ್ದರೆ ಕೊಳ್ಳಿ.

ಕೊಳ್ಳದೆ ನೋಡಲು ಎಲ್ಲಿಗೆ ಹೋಗಬೇಕು?

ನಮಗೆ ಹತ್ತಿರದ್ದು ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯ. ಯುರೋಪಿನ ಪಿಂಗಾಣಿಗೆಂದೇ ಅಲ್ಲಿ ಕೋಣೆಯಿದೆ, ಮೈಸೆನ್, ಸೆವ್ರ್, ವೆಜ್‌ವುಡ್ ಮೂರನ್ನೂ ಒಂದೇ ದಿನ ನೋಡಬಹುದು. ಲಂಡನ್ನಿಗೆ ಹೋದರೆ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯ. ಟಿಪ್ಪುವಿನ ಹುಲಿಯೂ ಅಲ್ಲೇ ಇದೆ. ಸ್ಟೋಕ್‌ನಲ್ಲಿ ಹ್ಯಾನ್ಲಿಯ ಪಾಟರೀಸ್ ಸಂಗ್ರಹಾಲಯ, ಲಾಂಗ್ಟನ್ನಿನಲ್ಲಿ ಗ್ಲ್ಯಾಡ್‌ಸ್ಟನ್ ಕಾರ್ಖಾನೆ. ಎರಡನೆಯದರಲ್ಲಿ ಬಾಟಲಿ ಆವಿಗೆಯ ಒಳಗೆ ಹೋಗಿ ನಿಲ್ಲಬಹುದು. ತಲೆಯೆತ್ತಿದರೆ ಮೇಲೆ ಆಕಾಶದ ಒಂದು ಬಿಲ್ಲೆ ಕಾಣುತ್ತದೆ.

ಮನೆಯಲ್ಲಿ ಕಪ್ ಇಲ್ಲದ ಒಂಟಿ ಬಸಿ ಇದೆ. ಇಟ್ಟುಕೊಳ್ಳಲೇ?

ಖಂಡಿತ ಇಟ್ಟುಕೊಳ್ಳಿ. ಅದು ಯಾರದು, ಮನೆಗೆ ಹೇಗೆ ಬಂತು, ಕಪ್ ಯಾವಾಗ ಒಡೆಯಿತು ಎಂದು ಮನೆಯ ಹಿರಿಯರನ್ನು ಕೇಳಿ, ಒಂದು ಚೀಟಿಯಲ್ಲಿ ಪೆನ್ಸಿಲಿನಲ್ಲಿ ಬರೆದು, ಬಸಿಯ ಜೊತೆ ಲಕೋಟೆಯಲ್ಲಿಡಿ. ತಳಕ್ಕೆ ಅಂಟಿಸಬೇಡಿ. ಈ ಕೆಲಸವನ್ನು ಹಿರಿಯರು ಇರುವಾಗಲೇ, ಸಾಧ್ಯವಾದರೆ ಈ ವಾರವೇ ಮಾಡಿ.